ದುಬೈಗೆ ಹೊರಟ ಮೂತ್ರ

"ಹೆಂಡತಿಗೆ ಗೊತ್ತಾಗದ ಹಾಗೆ ಕಾಯಿಲೆ ವಾಸಿ ಮಾಡಿಕೊಳ್ಳುವವನೇ ನಿಜವಾದ ಗಂಡಸು!" ಎಂದು ವಿಟ್ಲದ ಬಟ್ಟೆ ವ್ಯಾಪಾರಿ ಮೊಯಿದಿನಬ್ಬ ತಮ್ಮಷ್ಟಕ್ಕೇ ಘೋಷಿಸಿಕೊಂಡರು. ಧೈರ್ಯವೆಲ್ಲ ಬಾಯಲ್ಲೇ. ಮೂತ್ರದಲ್ಲಿ ರಕ್ತ ಕಂಡಿತ್ತು, "ಕ್ಯಾನ್ಸರ್ ಇದ್ದರೂ ಇರಬಹುದು, ಮೂತ್ರನಾಳಕ್ಕೆ ಪೈಪ್ ಹಾಕಿ ನೋಡುವ" ಎಂದಿದ್ದರು ಡಾಕ್ಟರು.

ಪೈಪ್ ಎಂದದ್ದೇ ತಡ, ಮೊಯಿದಿನಬ್ಬ ಕುರ್ಚಿ ಬಿಟ್ಟು ಎದ್ದಿದ್ದರು! "ಬೇರೆ ದಾರಿ ಇಲ್ವಾ ಡಾಕ್ಟ್ರೇ?"

"ಹೊಸ ಪರೀಕ್ಷೆ ಒಂದುಂಟು. ಮೂತ್ರದಲ್ಲಿ ಬರುವ ಜೀವಕೋಶಗಳ ಜೀನ್ ನೋಡ್ತಾರೆ. ಮೊದಲು ಅದನ್ನೇ ಮಾಡುವ. ಸ್ಯಾಂಪಲ್ ಮುಂಬಯಿಗೆ ಹೋಗ್ಬೇಕು. ಬಿಸಿಯಾದ್ರೆ ಹಾಳು."

ಮರುದಿನ ಬೆಳಿಗ್ಗೆ ಬಾಟ್ಲಿ ತುಂಬಿಸಿ, ಐಸಿನ ಜೊತೆ ಥರ್ಮಾಕೋಲ್ ಡಬ್ಬಿಯಲ್ಲಿಟ್ಟು, ಸುತ್ತಲೂ ಟೇಪು ಬಿಗಿದು, ಫ್ರಿಜ್ಜಿನಲ್ಲಿ ಬಂಗುಡೆ ಮೀನಿನ ಹಿಂದೆ ಅಡಗಿಸಿದರು.

"ಅದೆಂಥದು?" ಹೆಂಡತಿ ಜುಲೈಕಾ ಕೇಳಿದರು.

"ದೂರಕ್ಕೆ ಕಳಿಸ್ಲಿಕ್ಕೆ ಉಂಟು. ಬಿಚ್ಚಬೇಡ!" ಎಂದವರೇ ಸ್ನಾನಕ್ಕೆ ಹೋದರು.

ಜುಲೈಕಾರ ಮನಸ್ಸು ಕರಗಿಹೋಯಿತು. ದೂರ ಎಂದರೆ ಇನ್ನೆಲ್ಲಿ, ಮಗಳು ಮಿಸ್ರಿಯಾ ಇರುವ ದುಬೈ! ಸಂಬಂಧದಲ್ಲಿ ಅಳಿಯನಾಗಬೇಕಾದ ನವಾಝ್ ಅಂದೇ ದುಬೈ ವಿಮಾನ ಹತ್ತುವವನಿದ್ದ. ಗಲ್ಫಿಗೆ ಹೊರಟವನನ್ನು ಬರಿಗೈಯಲ್ಲಿ ಬಿಡುವ ಮನೆ ನಮ್ಮಲ್ಲಿ ಉಂಟೇ? ಅವನ ಕಾರು ಬಂದಾಗ ತುಪ್ಪ, ಉಪ್ಪಿನಕಾಯಿಯ ಮೇಲೆ ಆ ಡಬ್ಬಿಯನ್ನೂ ಇಟ್ಟರು. "ಜಾಗ್ರತೆ ಮಗಾ, ಮಾಮ ಕೈಯಾರೆ ಕಟ್ಟಿದ್ದು."

ಸ್ನಾನ ಮುಗಿಸಿ ನೋಡಿದರೆ ಫ್ರಿಜ್ಜಿನಲ್ಲಿ ಬಂಗುಡೆ ಮಾತ್ರ!

"ಡಬ್ಬಿ ಎಲ್ಲಿ?"

"ಮಿಸ್ರಿಯಾಳಿಗೆ ಹೋಯ್ತಲ್ಲ!"

"ಯಾ ಅಲ್ಲಾಹ್!" ಮೊಯಿದಿನಬ್ಬ ಉಟ್ಟ ಲುಂಗಿಯಲ್ಲೇ ರಿಕ್ಷಾ ಹತ್ತಿ ಬಜ್ಪೆಗೆ ದೌಡಾಯಿಸಿದರು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾವಲುಗಾರ ಡಬ್ಬಿ ಬಿಚ್ಚಿಸಿದ್ದ. "ಏನಿದು?"

"ಮಾಮಿ ಕೊಟ್ಟದ್ದು. ಜೇನು ಇರ್ಬೇಕು" ಎಂದ ನವಾಝ್.

"ಇರ್ಬೇಕಾ? ಸ್ವಲ್ಪ ಕುಡಿದು ತೋರಿಸಿ!"

ನವಾಝ್ ಮುಚ್ಚಳ ತಿರುಗಿಸಿ ಬಾಟ್ಲಿ ಎತ್ತಿದ.

"ಕುಡಿಯಬೇಡ ಮಾರಾಯಾ! ಅದು ನನ್ನ ಮೂತ್ರ! ಕ್ಯಾನ್ಸರ್ ಟೆಸ್ಟಿನದ್ದು!" ರಿಕ್ಷಾದಿಂದ ಹಾರಿ ಬಂದ ಮೊಯಿದಿನಬ್ಬ ಕೂಗಿದರು.

ಇಡೀ ಸಾಲು ತಿರುಗಿ ನೋಡಿತು. ಅದರಲ್ಲಿ ಅರ್ಧ ಜನ ವಿಟ್ಲ, ಬಂಟ್ವಾಳದವರೇ!

ಬಿಸಿಲಿಗೆ ಬೆಂದ ಬಾಟ್ಲಿಯೊಂದಿಗೆ ಮನೆಗೆ ಬಂದು ವಿಷಯ ಹೇಳಿದರೆ ಜುಲೈಕಾ ಬೈಯಲಿಲ್ಲ, ಅತ್ತುಬಿಟ್ಟರು. "ಹೆದರಿಕೆಯನ್ನೂ ಒಬ್ಬರೇ ತಿನ್ನುವುದಾ? ನಾನು ಮತ್ತೆ ಇರುವುದು ಯಾಕೆ?" ಮರುದಿನ ಹೊಸ ಸ್ಯಾಂಪಲನ್ನು ಜುಲೈಕಾ ತಾವೇ ಕೊರಿಯರಿಗೆ ಕೊಟ್ಟು ಬಂದರು. ಫಲಿತಾಂಶ ಬರುವವರೆಗೆ ಇಬ್ಬರಿಗೂ ಊಟ ಸೇರಲಿಲ್ಲ.

"ಕ್ಯಾನ್ಸರಿನ ಲಕ್ಷಣ ಕಾಣ್ಲಿಲ್ಲ. ಮೊನ್ನೆ ಮಾಡಿಸಿದ ಸ್ಕ್ಯಾನಿನಲ್ಲಿ ಕಿಡ್ನಿಯ ಸಣ್ಣ ಕಲ್ಲು ಉಂಟು, ರಕ್ತ ಅದರದ್ದೇ ಇರಬೇಕು. ಮದ್ದು ತಗೊಂಡು ಪುನಃ ತೋರಿಸಿ" ಎಂದರು ಡಾಕ್ಟರು. ಅಲ್‌ಹಮ್ದುಲಿಲ್ಲಾಹ್! ಕಲ್ಲು ಸಿಕ್ಕಿದ್ದಕ್ಕೆ ಅಷ್ಟು ಖುಷಿಪಟ್ಟ ದಂಪತಿಯನ್ನು ಆ ಡಾಕ್ಟರು ಕಂಡಿರಲಿಕ್ಕಿಲ್ಲ.

ಮನೆಗೆ ಬಂದರೆ ಫೋನಿಗೆ ಬಿಡುವೇ ಇಲ್ಲ. ನವಾಝ್ ವಿಮಾನದಲ್ಲೇ ಸುದ್ದಿ ಹಂಚಿದ್ದ. ದುಬೈಯಿಂದ, ದೋಹಾದಿಂದ, "ಮೊಯಿದಿನಾಕ, ರಿಸಲ್ಟ್ ಬಂತಾ?" ಎಲ್ಲರಿಗೂ ಉತ್ತರಿಸಿ ಮೊಯಿದಿನಬ್ಬರಿಗೆ ಎದೆ ಉಬ್ಬಿತು. ಕೊನೆಗೊಬ್ಬ ದನಿ ತಗ್ಗಿಸಿ ಕೇಳಿದ: "ನನಗೂ ರಕ್ತ ಕಾಣ್ತಾ ಉಂಟು. ಆ ಟೆಸ್ಟಿನ ಅಡ್ರೆಸ್ ಕೊಡ್ತೀರಾ? ಊರಲ್ಲಿರುವ ಹೆಂಡತಿಗೆ ಮಾತ್ರ ಗೊತ್ತಾಗ್ಬಾರ್ದು."

ಮೊಯಿದಿನಬ್ಬ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪಕ್ಕದಲ್ಲೇ ಕಿವಿಗೊಟ್ಟಿದ್ದ ಜುಲೈಕಾ ರಿಸೀವರ್ ಕಿತ್ತುಕೊಂಡರು.

"ನಿನ್ನ ಹೆಂಡತಿಯ ನಂಬರ್ ಕೊಡು ಮಾರಾಯಾ. ಅಡ್ರೆಸ್ ನಾನು ಅವಳಿಗೇ ಹೇಳ್ತೇನೆ!"