ಮೂರನೇ ಮಹಡಿಯ ಸಭೆ

ಎಲ್ಲ ಶುರುವಾದದ್ದು ಔಷಧಿ ಅಂಗಡಿಯ ಗೋಡೆಗೆ ಅಂಟಿಸಿದ್ದ ಒಂದು ಚೀಟಿಯಿಂದ. ‘ರಿಪೋರ್ಟೆಲ್ಲ ನಾರ್ಮಲ್, ಆದರೂ ಮೈಯಲ್ಲಿ ತ್ರಾಣವಿಲ್ಲವೇ? ನೀವೊಬ್ಬರೇ ಅಲ್ಲ. ತಿಂಗಳಿಗೊಮ್ಮೆ ಸಭೆ ಇದೆ, ಫೋನ್ ಮಾಡಿ’ ಎಂದು ಅದರಲ್ಲಿ ಬರೆದಿತ್ತು. ರೆಕಾರ್ಡ್ ರೂಮಿನ ಗುಮಾಸ್ತ ಅದನ್ನು ಮೂರು ಸಲ ಓದಿದ.

ಎರಡು ವರ್ಷದಿಂದ ಅವನ ರಕ್ತ, ಎದೆ, ತಲೆ ಎಲ್ಲವೂ ಪರೀಕ್ಷೆಗೆ ಕೂತು ಪಾಸಾಗಿದ್ದವು. ಅವನೊಬ್ಬ ಮಾತ್ರ ಫೇಲು. ಸ್ನಾನ ಮಾಡಿ ಬಂದರೆ ಅರ್ಧ ಗಂಟೆ ಮಲಗಬೇಕು. ಡಾಕ್ಟರು “ಏನೂ ಇಲ್ಲ, ಖುಷಿಯಾಗಿರಿ” ಎಂದು ಕಳಿಸುತ್ತಿದ್ದರು. ಅವನು ಕೇಳುವ ರಜೆಯ ದೆಸೆಯಿಂದ ಕಚೇರಿಯಲ್ಲಿ ಅವನಿಗೆ ‘ಅರ್ಧದಿನ’ ಎಂದೇ ಹೆಸರು ಬಿದ್ದಿತ್ತು. ಹೆಂಡತಿ ಬಾಯಿ ಬಿಟ್ಟು ಏನೂ ಅನ್ನುತ್ತಿರಲಿಲ್ಲ. ಆದರೆ ಅವಳೂ ಒಮ್ಮೊಮ್ಮೆ ಅನುಮಾನದಿಂದ ನೋಡುವುದಿತ್ತು. ಕಾಯಿಲೆಗಿಂತ ಆ ನೋಟವೇ ಅವನನ್ನು ಹೆಚ್ಚು ನೋಯಿಸುತ್ತಿತ್ತು.

ಫೋನ್ ಮಾಡಿದಾಗ ಸಭೆಯ ಕಾರ್ಯದರ್ಶಿ ಮೇಡಂ ಕೇಳಿದ ಮೊದಲ ಪ್ರಶ್ನೆಯೇ, “ತಲೆ ಬಾಚ್ಕೊಳ್ಳುವಾಗ ಮಧ್ಯದಲ್ಲಿ ಕೈ ಇಳಿಸಿ ಕೂತ್ಕೋಬೇಕಾಗುತ್ತಾ ನಿಮಗೆ?”

“ಹೌದು ಮೇಡಂ. ನಿಮಗೆ ಹೇಗೆ ಗೊತ್ತಾಯ್ತು?”

“ನಮಗೆಲ್ಲ ಹಾಗೇನೇ. ಕಟ್ಟಡದ ವಿಳಾಸ ಕಳಿಸ್ತೀನಿ, ಶನಿವಾರ ಮೂರು ಗಂಟೆಗೆ ಬನ್ನಿ.”

ತನ್ನನ್ನು ನಂಬುವ ಒಂದು ಜೀವವನ್ನು ಕಣ್ಣಾರೆ ನೋಡಬೇಕು, ಅವನಿಗೆ ಬೇಕಾಗಿದ್ದುದು ಅಷ್ಟೇ.

ಶನಿವಾರ ಬೆಳಿಗ್ಗೆಯಿಂದಲೇ ಅವನು ತ್ರಾಣವನ್ನು ಬೇಸಿಗೆಯ ನೀರಿನಂತೆ ಜೋಪಾನ ಮಾಡಿದ. ಗಡ್ಡ ಕೆರೆಯಲಿಲ್ಲ. ಬಗ್ಗಿ ಲೇಸು ಕಟ್ಟುವ ಕೆಲಸ ಬೇಡವೆಂದು ಚಪ್ಪಲಿ ಮೆಟ್ಟಿದ. ಕಚೇರಿಗೆ ಹೊರಟು ಗೇಟು ದಾಟುವಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಎದುರಾದರು.

“ಏನ್ರೀ ಇದು, ಮುಖ ಹೀಗೆ ಬಾಡಿದೆ! ಮೈ ಬಗ್ಗಿಸ್ಬೇಕು ಕಣ್ರೀ. ಎತ್ತಿ ಕೈ!”

“ಮೇಷ್ಟ್ರೇ, ಇವತ್ತೊಂದಿನ ಬಿಟ್ಬಿಡಿ...”

“ಹತ್ತೇ ಹತ್ತು ಸಲ!”

ನಾಲ್ಕನೆಯದಕ್ಕೆ ಅವನು ಗೇಟು ಹಿಡಿದು ನಿಂತ. ಮುಖವೆಲ್ಲ ಕೆಂಪೇರಿತ್ತು. “ನೋಡಿ, ಈಗ ಕಳೆ ಬಂತು!” ಎಂದು ಮೇಷ್ಟ್ರು ಬೆನ್ನು ತಟ್ಟಿದರು.

ಕಚೇರಿಯಲ್ಲಿ ಹೆಡ್‌ಕ್ಲರ್ಕ್ ಅವನ ಅರ್ಧ ದಿನದ ರಜೆ ಚೀಟಿ ಹಿಡಿದು ಕಾರಣ ಕೇಳಿದರು. ಸುಳ್ಳು ಹೇಳುವುದಕ್ಕೂ ಶಕ್ತಿ ಬೇಕು. ಅವನು ನಿಜವನ್ನೇ ಹೇಳಿದ.

“ಸುಸ್ತಾದೋರೆಲ್ಲ ಒಂದ್ಕಡೆ ಕೂತು ಸುಸ್ತಿನ ವಿಷಯ ಮಾತಾಡೋದಾ? ಅದಕ್ಕೆ ರಜೆ ಯಾಕ್ರೀ? ಇಲ್ಲಿ ದಿನಾ ನಡೀತಿರೋದು ಅದೇ ತಾನೇ!”

ಕೋಣೆಗೆ ಕೋಣೆಯೇ ನಕ್ಕಿತು. ಅವನೂ ನಕ್ಕ. ನಗದಿದ್ದರೆ ಇನ್ನಷ್ಟು ಮಾತಾಡಬೇಕಾಗುತ್ತಿತ್ತು. ಹೆಡ್‌ಕ್ಲರ್ಕ್ ಕೆಟ್ಟವರೇನಲ್ಲ, ಸಹಿ ಹಾಕಿದರು. ಹೋಗುವ ಮುಂಚೆ ಅಟ್ಟದ ಮೇಲಿನ ಹಳೇ ಕಡತವೊಂದನ್ನು ತೆಗೆದುಕೊಟ್ಟು ಹೋಗಿ ಎಂದರು, ಅಷ್ಟೇ. ಅವನು ಎರಡು ಸಲ ಏಣಿ ಹತ್ತಿಳಿದ ಮೇಲೆ ಕಡತ ಸಿಕ್ಕಿದ್ದು ಹೆಡ್‌ಕ್ಲರ್ಕರ ಮೇಜಿನ ಕೆಳಗೆ.

ಸಭೆಯ ಕಟ್ಟಡ ತಲುಪಿದಾಗ ಮೂರು ಗಂಟೆ. ಹಾಲ್ ಮೂರನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ನಾಲ್ಕು ಮೆಟ್ಟಿಲಿಗೊಮ್ಮೆ ಕೂತ. ಎರಡನೇ ಮಹಡಿಯಲ್ಲಿ ಗೋಡೆಗೊರಗಿ ಕಣ್ಣು ಮುಚ್ಚಿದ. ಮೇಲಿರುವವರೂ ಹೀಗೇ ಹತ್ತಿರಬೇಕಲ್ಲವೇ ಎಂದು ನೆನೆದಾಗ ಅಳು ಬಂದ ಹಾಗಾಯಿತು, ಮತ್ತೆ ಎದ್ದ. ಮೇಲೆ ಮುಟ್ಟಿದಾಗ ಮೂರೂ ಮುಕ್ಕಾಲು.

ಹಾಲ್‌ನಲ್ಲಿ ಹನ್ನೆರಡು ಖಾಲಿ ಕುರ್ಚಿಗಳೂ ಒಬ್ಬ ವಾಚ್‌ಮನ್ನೂ ಇದ್ದರು.

“ಎಲ್ರೂ ಹೊರಟ್ಹೋದ್ರಾ?”

“ಬಂದಿದ್ರೆ ತಾನೇ ಸಾರ್ ಹೋಗೋದು? ಎಂಟು ತಿಂಗಳಿಂದ ಕುರ್ಚಿ ಹಾಕ್ತಿದೀನಿ, ತೆಗೀತಿದೀನಿ. ಬಂದೋರು ನೀವೇ ಮೊದಲು.”

ಅವನು ಒಂದು ಕುರ್ಚಿಯಲ್ಲಿ ಕುಸಿದು ಕಾರ್ಯದರ್ಶಿಗೆ ಫೋನ್ ಮಾಡಿದ. ಆಕೆಯ ದನಿ ದಿಂಬಿನ ಪಕ್ಕದಿಂದ ಬರುತ್ತಿತ್ತು.

“ಕ್ಷಮಿಸಿ ಸಾರ್, ಇವತ್ತೂ ಏಳೋಕಾಗ್ಲಿಲ್ಲ. ಯಾರಿಗೂ ಆಗಿಲ್ಲ. ನೀವೂ ಮಲಗಿದೀರಾ?”

“ಇಲ್ಲ ಮೇಡಂ, ಬಂದಿದೀನಿ. ಮೂರನೇ ಮಹಡೀಲಿ ಕೂತಿದೀನಿ.”

“ಹಾಲ್ ಮೂರನೇ ಮಹಡೀಲಿದೆಯಾ?” ಆಕೆ ಗಾಬರಿಯಾದರು. “ಫೋನಲ್ಲೇ ಗೊತ್ತು ಮಾಡಿದ್ದು. ನಮ್ಮಲ್ಲಿ ಯಾರೂ ಅದನ್ನ ನೋಡೇ ಇಲ್ಲ!”

ಇಬ್ಬರೂ ನಕ್ಕರು. ಎರಡು ವರ್ಷದಲ್ಲಿ ಅವನು ಮನಸಾರೆ ನಕ್ಕದ್ದು ಅದೇ ಮೊದಲು.

“ಲಿಫ್ಟ್ ಇರ್ಬೇಕಲ್ವಾ?” ಎಂದರು ಆಕೆ.

“ಇಲ್ಲ. ಹತ್ಕೊಂಡೇ ಬಂದೆ.”

ಆ ಕಡೆ ನಗು ನಿಂತಿತು. ಆಕೆ ಬಹಳ ಮೆತ್ತಗೆ ಹೇಳಿದರು, “ತಪ್ಪು ತಿಳ್ಕೋಬೇಡಿ ಸಾರ್. ಮೂರು ಮಹಡಿ ಹತ್ತೋಕಾಗುತ್ತೆ ಅಂದ್ರೆ ನಿಮಗೆ ನಮ್ಮ ಕಾಯಿಲೆ ಇದ್ದ ಹಾಗೆ ಕಾಣಲ್ಲ. ಮನಸ್ಸಿಗೆ ಹಚ್ಕೊಂಡಿದೀರ ಅಷ್ಟೇ. ಸ್ವಲ್ಪ ಖುಷಿಯಾಗಿರಿ.”

ಇದೆ ಮೇಡಂ, ನನಗೂ ಇದೆ ಎಂದು ಕೂಗಿ ಹೇಳಬೇಕೆನ್ನಿಸಿತು ಅವನಿಗೆ. ಕೂಗುವಷ್ಟು ತ್ರಾಣ ಉಳಿದಿರಲಿಲ್ಲ. ಫೋನ್ ಹಿಡಿದ ಕೈ ತಾನಾಗಿ ತೊಡೆಯ ಮೇಲೆ ಬಿತ್ತು. ಅಲ್ಲಿಂದ ಆಕೆಯ ದನಿ ಸಣ್ಣಗೆ ಕೇಳುತ್ತಲೇ ಇತ್ತು.

“ಹಲೋ? ಹಲೋ ಸಾರ್? ಆಗ್ಲೇ ಇಳಿದು ಹೊರಟ್ಬಿಟ್ರಾ?”