ರಾಜನ ಜೋಡಿ ಮತ್ತು ಅತ್ತೆಯವರ ರೇಸು

ಭಾನುವಾರ ಬೆಳಿಗ್ಗೆ ಮುಸುಕೆಳೆದು ಮಲಗುವುದು ನನ್ನ ಆಜನ್ಮಸಿದ್ಧ ಹಕ್ಕು. ಅದನ್ನು ಕಸಿದುಕೊಳ್ಳಲು ನನ್ನ ಹೆಂಡತಿ ಮಾನಸ ಹೂಡಿದ ಸಂಚಿನ ಹೆಸರು ಯೋಗ. ನಮ್ಮೂರಿನದೇ ಗೋಕುಲಂ ಬಡಾವಣೆಯಲ್ಲಿ ಅವಳು ಸೇರಿರುವ ಯೋಗಶಾಲೆಗೆ ನಾನೂ ಬರಬೇಕಂತೆ.

"ಅರ್ಜೆಂಟೀನಾದಿಂದ ಬರ್ತಾರೆ ಕಣ್ರೀ ಜನ! ನಿಮಗೆ ಪಕ್ಕದ ವಿಜಯನಗರದಿಂದ ಬರಕ್ಕಾಗಲ್ವಾ?"

"ಅವರು ವಿಮಾನದಲ್ಲೇ ನಿದ್ದೆ ಮುಗಿಸಿರ್ತಾರೆ" ಎಂದೆ. (ಉತ್ತರ ನನಗೆ ಬಹಳ ಹಿಡಿಸಿತು. ಅವಳಿಗೆ ಹಿಡಿಸಲಿಲ್ಲ.)

ಜಗಳ ಬಗೆಹರಿಯದೆ, ಶನಿವಾರ ಸಂಜೆ ಪೋಕರ್ ಆಡಿ ತೀರ್ಮಾನಿಸೋಣ ಎಂದೆ. ಭಾಮೈದ ಅಭಿಲಾಷ್ ದಸರಾ ರಜೆಯಲ್ಲಿ ಬಂದಾಗ ಮನೆಯವರಿಗೆಲ್ಲ ಈ ಇಸ್ಪೀಟಾಟ ಕಲಿಸಿ ಹೋಗಿದ್ದ. ನಾನು ಗೆದ್ದರೆ ಯೋಗದ ಸೊಲ್ಲೆತ್ತಕೂಡದು, ಸೋತರೆ ಬೆಳಗಾದರೆ ಗೋಕುಲಂ. ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಮಂಗಳಮ್ಮನವರು ಮಗಳ ಪಕ್ಷ ಸೇರಿದರು. ಸುಲಿದ ಕಾಳನ್ನೇ ಹಂಚಿಕೊಂಡು, ನಡುವೆ ಬೋಗುಣಿಯಿಟ್ಟು ಬಾಜಿ ಕಟ್ಟತೊಡಗಿದೆವು.

ನಿರ್ಣಾಯಕ ಆಟ ಬಂತು. (ಗೊತ್ತಿಲ್ಲದವರಿಗೆ: ಕೈಯಲ್ಲಿರುವ ಗುಟ್ಟಿನ ಎಲೆಗಳನ್ನು ಚಾಪೆಯ ಮೇಲಿನ ಬಹಿರಂಗ ಎಲೆಗಳ ಜೊತೆ ಕೂಡಿಸಿ ಜೋಡಿ ಕಟ್ಟಬೇಕು.) ಚಾಪೆಯ ಮೇಲೆ ರಾಜ, ಎಂಟು, ಮೂರು. ನನ್ನ ಕೈಯಲ್ಲಿ ಇನ್ನೊಬ್ಬ ರಾಜ! ಚಾಪೆಯ ಅತಿ ದೊಡ್ಡ ಎಲೆಗೇ ಜೋಡಿ, ಅಭಿಲಾಷನ ಭಾಷೆಯಲ್ಲಿ ಟಾಪ್ ಪೇರ್. ಒಂದು ಹಿಡಿ ಕಾಳು ಬೋಗುಣಿಗೆ ಸುರಿದೆ. ಮಾನಸ ಎಲೆ ಎಸೆದು ಆಟದಿಂದ ಹೊರಬಿದ್ದಳು. ಅತ್ತೆಯವರು ಒಮ್ಮೆ ಅಡುಗೆಮನೆ ಕಡೆ ನೋಡಿ, ತಮ್ಮ ಮುಂದಿನ ರಾಶಿಯನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ಬೋಗುಣಿಗೆ ಸುರಿದುಬಿಟ್ಟರು.

ರೇಸು! ಅಂದರೆ ಬಾಜಿಯನ್ನು ಏರಿಸಿಬಿಟ್ಟಿದ್ದರು. ಈಗ ನಾನೂ ಇರುವುದನ್ನೆಲ್ಲ ಸುರಿಯಬೇಕು, ಇಲ್ಲವೇ ಎಲೆ ಎಸೆದು ಶರಣಾಗಬೇಕು.

ಬೇರೆಯವರಾಗಿದ್ದರೆ ಬೂಟಾಟಿಕೆ ಎನ್ನಬಹುದಿತ್ತು. ಆದರೆ ಅತ್ತೆಯವರ ಬಾಯಲ್ಲಿ ಸುಳ್ಳು ಹುಟ್ಟುವುದೇ ಇಲ್ಲ. ಹೆಣ್ಣು ನೋಡಲು ಹೋದ ದಿನವೇ, "ಹುಡ್ಗಿಗೆ ಮೂಗಿನ್ ತುದೀಲಿ ಕೋಪ ಕಣಪ್ಪ. ಕೇಸರಿಬಾತೂ ನಾನೇ ಮಾಡಿದ್ದು" ಎಂದಿದ್ದ ಮಹಾಸಾಧ್ವಿ ಅವರು. (ಆಗ ಅದನ್ನು ವಿನಯ ಎಂದುಕೊಂಡಿದ್ದೆ.)

ಆದರೂ ನೇರವಾಗಿ ಕೇಳಿದೆ, "ಚೆನ್ನಾಗಿವೆಯಾ ಅತ್ತೆ?"

"ಬಲು ಚೆನ್ನಾಗವೆ ಅಳಿಯಂದ್ರೇ. ಎರಡು ಮಾತೇ ಇಲ್ಲ. ಬೇಗ ಮುಗ್ಸಿ."

ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅಭಿಲಾಷನಿಗೆ ಫೋನ್ ಮಾಡಿದೆ.

"ಟಾಪ್ ಪೇರ್ ಇಟ್ಕೊಂಡು ಯಾರಾದ್ರೂ ಎಸೀತಾರಾ ಭಾವ? ಧೈರ್ಯವಾಗಿ ಆಡಿ!" ಎಂದ. ಆಮೇಲೆ, "ಅಂದಹಾಗೆ, ರೇಸ್ ಮಾಡಿದ್ದು ಯಾರು?"

"ನಿಮ್ಮಮ್ಮ."

ಮಗನಲ್ಲವೇ, ನನಗಿಂತ ಹೆಚ್ಚಿನ ಅನುಭವ.

"ಎಸೆದ್ಬುಡಿ ಭಾವ" ಎಂದ ಮೆಲ್ಲಗೆ.

ವಾಪಸು ಬಂದವನೇ, ರಾಜ್ಯ ತ್ಯಜಿಸುವ ಅರಸನ ಗಾಂಭೀರ್ಯದಿಂದ ಎಲೆಗಳನ್ನು ಚಾಪೆಗೆ ಎಸೆದೆ. ಮಾನಸ ಚಪ್ಪಾಳೆ ತಟ್ಟಿದಳು.

"ನಿಮ್ಮ ಎಲೆ ತೋರಿಸಿ ಅತ್ತೆ, ಕಣ್ತುಂಬ ನೋಡ್ತೀನಿ."

ಅವರು ಮಗುಚಿದರು. ನಾಲ್ಕು ಮತ್ತು ಒಂಬತ್ತು. ಯಾವುದಕ್ಕೂ ಯಾವುದೂ ಜೋಡಿಯಿಲ್ಲ.

"ಮತ್ತೆ ಬಲು ಚೆನ್ನಾಗವೆ ಅಂದ್ರಿ?"

"ಕಾಳು ಕಣಪ್ಪ! ಎಳೇ ಕಾಳು, ಸೊಗಡು ಘಮ್ಮಂತದೆ. ಸಾರಿಗೆ ಹೊತ್ತಾಯ್ತು ಅಂತ ಬೋಗುಣಿಗೆ ತುಂಬ್ದೆ. ನೀವು ನೋಡುದ್ರೆ ಬಚ್ಚಲಲ್ಲಿ ಹೋಗಿ ಕೂತ್ಬುಟ್ರಿ."

"ಹಾಗಾದರೆ ಅದು ರೇಸೇ ಅಲ್ಲ! ಈ ಆಟ ಅಸಿಂಧು!" ಎಂದು ಕೂಗಾಡಿದೆ.

"ರೇಸ್ ಅಲ್ಲದ್ದಕ್ಕೆ ಹೆದರಿ ಎಲೆ ಎಸೆದಿದ್ದು ಯಾರು?" ಎಂದಳು ಮಾನಸ.

ಇರಲಿ, ಊಟವಾದರೂ ಇದೆಯಲ್ಲ. ಅವರೆಕಾಳು ಸಾರಿನ ಘಮಕ್ಕೆ ಸೋಲನ್ನೂ ಮರೆತು ತಟ್ಟೆಯ ಮುಂದೆ ಕೂತೆ. ಅತ್ತೆಯವರು ಸೌಟು ಎತ್ತಿದರು. ಮಾನಸ ಅವರ ಕೈ ಹಿಡಿದಳು.

"ಬೇಡಮ್ಮ, ಇವರಿಗೆ ಮಜ್ಜಿಗೆ ಅನ್ನ ಬಡಿಸು. ಬೆಳಿಗ್ಗೆ ಅಲ್ಲಿ ಬಗ್ಗಿಸಿ ಮಡಚಿ ನಿಲ್ಲಿಸ್ತಾರೆ. ಅವರೆಕಾಳು ತಿಂದು ಬಗ್ಗಿದ್ರೆ, ಹಿಂದೆ ನಿಂತಿರೋ ಅರ್ಜೆಂಟೀನಾದವರ ಗತಿ ಏನು?"