ಚೊಂಬು ಹಿಡ್ಕೊಂಡು ಬೆಟ್ಟ ಹತ್ತೋ ನಮ್ಮ ಭಾವ

ನಮ್ಮ ಭಾವನಂಥ ಅಪ್ಪಟ ಹುಚ್ಚ ಮುಳಬಾಗಿಲಿಂದ ಮಾಲೂರಿನವರೆಗೂ ಇನ್ನೊಬ್ಬ ಸಿಕ್ಕಿದ್ರೆ ನನ್ನ ಮೀಸೆ ಬೋಳಿಸ್ಕೋತೀನಿ! ಮೀಸೆ ಇನ್ನೂ ಇದೆ, ನೋಡ್ಕೊಳಿ. ಬೆಳ್ಳಗಾಗಿದೆ, ಅಷ್ಟೇ.

ಭಾವ ಅಂದ್ರೆ ನಮ್ಮಕ್ಕನ ಗಂಡ. ಆ ಎಪ್ಪತ್ತರ ದಶಕದಲ್ಲಿ ಶ್ರೀನಿವಾಸಪುರದ ಮಾವಿನಕಾಯಿ ಮಂಡಿ ಒಂದರಲ್ಲಿ ಲೆಕ್ಕ ಬರೀತಿದ್ರು. ವಾರವೆಲ್ಲ ಸಾಧು ಪ್ರಾಣಿ. ಭಾನುವಾರ ಬಂತೋ, ಮೈಮೇಲೆ ಬೆಟ್ಟ ಬರೋದು! ಬೆಟ್ಟ ಅಂದ್ರೆ ಊರವರೆಲ್ಲ ಕೋಲಾರದ ಅಂತರಗಂಗೆಗೆ ಹೋಗ್ತಾರೆ. ಮೆಟ್ಟಿಲು ಹತ್ತಿ, ಬಸವನ ಬಾಯಿಂದ ಬರೋ ನೀರು ಕುಡಿದು, ಕೋತಿಗೆ ಬಾಳೆಹಣ್ಣು ಕೊಟ್ಟು ಬರ್ತಾರೆ. ಕೊಡದಿದ್ರೆ ಅದೇ ಕಿತ್ಕೊಳ್ಳುತ್ತೆ, ಬಿಡಿ. ನಮ್ಮ ಭಾವ? ಊಹೂಂ! ಮದುವೆಯಾದ ಹೊಸದರಲ್ಲಿ ಅಕ್ಕನ್ನ ಕರ್ಕೊಂಡು ಒಂದ್ಸಲ ಹೋದೋರು ಅರ್ಧಕ್ಕೇ ವಾಪಸ್ ಬಂದ್ರು. ಆಮೇಲೆ ಆ ಕಡೆ ತಲೆ ಹಾಕಿಯೂ ಮಲಗ್ಲಿಲ್ಲ.

"ಯಾಕ್ ಭಾವ?" ಅಂತ ಕೇಳ್ದೆ.

"ಅಲ್ಲಿ ಬೆಟ್ಟ ಎಲ್ಲಿದ್ಯೋ? ಮುಂದಿರೋನ ಬೆನ್ನು ಕಾಣುತ್ತೆ, ಹಿಂದಿರೋನ ಮೊಣಕೈ ತಿವಿಯುತ್ತೆ. ಅಷ್ಟಕ್ಕೆ ಮುಳಬಾಗಿಲು ಬಸ್ಸೇ ಸಾಕಲ್ವೇನ್ಲಾ!"

ಸರಿ, ಅವರಿಗೆ ಬೇಕಾಗಿದ್ದು ಯಾರೂ ಹತ್ತದ ಬೆಟ್ಟ. ಹೆಸರೂ ಇರಬಾರದು. "ಇದ್ಯಾವ ಬೆಟ್ಟಪ್ಪಾ?" ಅಂದ್ರೆ ಊರೋರು ತಲೆ ಕೆರ್ಕೊಂಡು "ಬೆಟ್ಟ" ಅನ್ಬೇಕು, ಅಂಥದ್ದು! ಹತ್ತೋದಾದ್ರೂ ಹೇಗೆ? ಹಿತ್ತಾಳೆ ಚೊಂಬಲ್ಲಿ ಕಂಠದವರೆಗೂ ನೀರು ತುಂಬ್ಕೊಂಡು, ಎರಡೂ ಕೈಯಲ್ಲಿ ಹಿಡ್ಕೊಂಡು. ಕುಡಿಯೋಕಲ್ಲ! ಚೆಲ್ಲದೆ ತುದಿ ಮುಟ್ಟಿದ್ರೆ ಬೆಟ್ಟ ಪಾಸು. ಚೆಲ್ಲಿದ್ರೆ ಫೇಲು. ಪಾಪ, ತಮ್ಮ ಪಾಡಿಗೆ ಬಿದ್ಕೊಂಡಿರೋ ಬೆಟ್ಟಗಳನ್ನೆಲ್ಲ ಎಬ್ಬಿಸಿ ಫೇಲ್ ಮಾಡ್ಕೊಂಡು ಬರೋರು!

ಒಂದ್ಸಲ ಕುರಿ ಕಾಯೋ ಮುದುಕ ಒಬ್ಬ ಇವರನ್ನ ಮೇಲಿಂದ ಕೆಳಗೆ ನೋಡಿ, "ಏಂ ಸಾಮೀ, ಕೊಂಡಕಿ ನೀಳ್ಳು ಪೋಸ್ತಾವಾ?" ಅಂದ. ಬೆಟ್ಟಕ್ಕೆ ನೀರು ಹಾಕೋಕೆ ಹೊರಟ್ಯಾ ಅಂತ!

"ಅವುನಪ್ಪಾ," ಅಂದ್ರು ಭಾವ, "ಇನ್ನೊಂಚೂರು ಬೆಳೀಲಿ."

ನಮಗೆ ನಗು. ಅಕ್ಕನಿಗೆ ಮಾತ್ರ ನಗು ಬರ್ತಿರ್ಲಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದು ಅವಳ ಎಡಗಾಲು ಸೊರಗಿತ್ತು, ಎಳೆದು ಹಾಕಿ ನಡೀತಿದ್ಲು. ಹಾಗಾಗಿ ಯಾವ ಬೆಟ್ಟವಾದ್ರೂ ಅವಳು ಬುಡದಲ್ಲೇ, ಚಿತ್ರಾನ್ನದ ಡಬ್ಬಿ ಕಾಯ್ಕೊಂಡು. ಅವಳಿಗೆ ಕಾವಲು ನಾನು. ಚಿತ್ರಾನ್ನಕ್ಕೆ ನನ್ನಿಂದಲೇ ಕಾವಲು ಬೇಕಿತ್ತು, ಆ ಮಾತು ಬೇರೆ.

"ಲೋ, ಈ ಬೆಟ್ಟದಲ್ಲಿ ಕರಡಿ ಇದ್ಯಂತೇನೋ?"

"ಇದ್ರೂ ಭಾವನ ಚೊಂಬು ನೋಡಿ ಅದೇ ಬಯಲಿಗೆ ಹೊರಟಿರುತ್ತೆ ಬಿಡಕ್ಕ."

"ಹಾವು?"

ತಮಾಷೆ ಮಾಡ್ತಿದ್ದೆ, ನಿಜ. ಆದ್ರೆ ಬಂಡೆ ಮೇಲೆ ಆ ಬಿಳಿ ಪಂಚೆ ಮರೆಯಾದ್ರೆ ನಾನೂ ಡಬ್ಬಿ ಬಿಟ್ಟು ಎದ್ದು ಕತ್ತು ಉದ್ದ ಮಾಡಿ ಹುಡುಕ್ತಿದ್ದೆ. ಕಾಲು ಜಾರಿದ್ರೆ ಹಿಡ್ಕೊಳ್ಳೋಕೆ ಕೈಯೂ ಖಾಲಿ ಇಲ್ವಲ್ಲ ಈ ಮಹಾನುಭಾವನಿಗೆ!

ಒಂದಿನ ನಾನು ನನ್ನ ಘನ ವಿದ್ಯೆ ತೋರಿಸ್ದೆ. ಚೊಂಬಿಗೊಂದು ಕಪ್ಪೆ ಬಿಟ್ಟು ತಟ್ಟೆ ಮುಚ್ಚಿ ಕೊಟ್ಟೆ. ತುದೀಲಿ ಭಾವ ತಟ್ಟೆ ತೆಗೆದ್ರೆ, ಕಪ್ಪೆ ಮುಖಕ್ಕೇ ಹಾರ್ತಂತೆ! ಬೈತಾರೆ ಅಂದ್ಕೊಂಡಿದ್ದೆ. ಇಳಿದು ಬಂದು ಚೊಂಬು ಮತ್ತೆ ತುಂಬಿಸ್ಕೊಂಡ್ರು. "ನೀರು ಚೆಲ್ಲಿದ್ದು ನಿನ್ನ ತಪ್ಪು. ಬೆಟ್ಟದ್ದಲ್ಲ. ಅದನ್ನ ಫೇಲ್ ಮಾಡೋದು ಅನ್ಯಾಯ ಕಣೋ," ಅಂತ ಮತ್ತೆ ಹತ್ತೋಕೆ ಹೊರಟೇಬಿಟ್ರು! ಅಕ್ಕ ನನ್ನ ಬೆನ್ನ ಮೇಲೆ ಗುದ್ದಿದ್ದು ಇವತ್ತಿಗೂ ಚಳಿಗಾಲದಲ್ಲಿ ನೆನಪಾಗುತ್ತೆ.

ಕೊನೆಗೊಂದು ಭಾನುವಾರ, ದೇವರಾಯಸಮುದ್ರದ ಕೆರೆ ಆಚೆಗಿನ ಬೋಳು ಬೆಟ್ಟದ ಬುಡದಲ್ಲಿ ಅಕ್ಕ ಹೇಳಿಬಿಟ್ಲು: "ರೀ, ದನ ಮನೆಗೆ ಹೋಗೋ ಹೊತ್ತಿಗೆ ನೀವು ಇಳಿದಿರ್ಬೇಕು. ಇಲ್ದಿದ್ರೆ ಇವತ್ತಿಗೇ ಬೆಟ್ಟ ಬಂದ್."

ದನ ಮನೆಗೆ ಹೋದ್ವು. ಭಾವ ಇಲ್ಲ. ಕೂಗ್ದೆ, ನನ್ನ ಕೂಗೇ ವಾಪಸ್ ಬಂತು. ಅಷ್ಟರಲ್ಲಿ ಮೇಲೆಲ್ಲೋ ಕಲ್ಲೊಂದು ಉರುಳಿ ದಡದಡ ಅಂತ ಪೊದೆಗೆ ಬಿತ್ತು. ಅಕ್ಕ ಎದ್ದು ನಿಂತ್ಲು. ಎದ್ದವಳೇ ಆ ಕಾಲು ಎಳ್ಕೊಂಡು ಬೆಟ್ಟದ ಕಡೆ ಹೊರಟೇಬಿಟ್ಲು! "ಅಕ್ಕಾ, ನಿಲ್ಲೇ!" ಅಂತ ಹಿಂದೆ ಓಡ್ದೆ. ಜೀವಮಾನದಲ್ಲಿ ಅವತ್ತೊಂದಿನ ನನಗೆ ಒಂದು ಜೋಕೂ ಹೊಳೀಲಿಲ್ಲ.

ಪಕ್ಕದ ಸೀತಾಫಲದ ಪೊದೆ ಸರಿಸ್ಕೊಂಡು ಭಾವ ಬಂದ್ರು. ಕೈಯಲ್ಲಿ ಚೊಂಬು. ತುಂಬಿದ್ದು ತುಂಬಿದ್ದಂಗೇ ಇತ್ತು.

"ಇನ್ಮೇಲೆ ಬೆಟ್ಟ ಇಲ್ಲ ಅಂದ್ರೆ ಇಲ್ಲ!" ಅಕ್ಕ ಅತ್ತೇಬಿಟ್ಲು.

"ಬೇಡ ಬಿಡೇ. ಸಿಕ್ತಲ್ಲ."

"ಏನ್ ಸಿಕ್ತು?"

"ನಿನಗೆ ದಾರಿ. ಆ ಹಿಂಬದಿಯಿಂದ ಸುತ್ತಿ ಹೋದ್ರೆ ಎಲ್ಲೂ ಎಗರ್ಬೇಕಿಲ್ಲ, ಜಗ್ಗಬೇಕಿಲ್ಲ. ನೋಡು, ಒಂದು ತೊಟ್ಟೂ ಚೆಲ್ಲಿಲ್ಲ." ಆಮೇಲೆ ದನಿ ಇಳಿಸಿ, "ಅಂತರಗಂಗೇಲಿ ಹಿಂದಿಂದ ಒಬ್ಬ, ಕುಂಟಮ್ಮನ್ನ ಪಕ್ಕಕ್ಕೆ ಕೂರ್ಸ್ರೀ ಅಂದ್ನಲ್ಲ. ನೀನು ಅಲ್ಲಿಂದಲೇ ಇಳಿದುಬಿಟ್ಟೆ. ಇಲ್ಲಿ ನಿನ್ನ ಹಿಂದೆ ಯಾರೂ ಇರಲ್ಲ ಕಣೇ. ನಾನೊಬ್ನೇ."

ಮುಂದಿನ ಭಾನುವಾರ ಅಕ್ಕ ಹತ್ತಿದ್ಲು. ಕೂತು, ಎದ್ದು, ಮತ್ತೆ ಕೂತು. ಅವಸರ ಮಾಡೋರು ಯಾರಿದ್ರು? ಹಿಂದೆ ಭಾವ, ಚೊಂಬು ಹಿಡ್ಕೊಂಡು. ಅವರ ಹಿಂದೆ ನಾನು. ತುದೀಲಿ ಗಾಳಿಗೆ ಸೆರಗು ಬಿಗಿ ಹಿಡ್ಕೊಂಡು, ಕೆಳಗೆ ಮಿನುಗ್ತಿದ್ದ ಕೆರೆ ನೋಡ್ತಾ ಅಕ್ಕ ನಿಂತಿದ್ಲು. ಆಮೇಲೆ ಕೈ ಚಾಚಿದ್ಲು, "ರೀ, ನೀರು ಕೊಡಿ."

ಚೊಂಬು ಅರ್ಧ ಖಾಲಿ! ಭಾವನ ಪಂಚೆ ಮೊಣಕಾಲವರೆಗೂ ಒದ್ದೆ.

ದೇವರಾಣೆ, ಅವತ್ತು ನಾನು ಕಪ್ಪೆ ಹಾಕಿರ್ಲಿಲ್ಲ. ಹಿಂದಿಂದ ನೋಡ್ತಾನೇ ಇದ್ನಲ್ಲ, ಬುಡದಿಂದ ತುದಿವರೆಗೂ ಅವರು ಒಂದ್ಸಲನೂ ಚೊಂಬಿನ ಕಡೆ ನೋಡ್ಲಿಲ್ಲ. ಅಕ್ಕನ ಕಾಲೇ ನೋಡ್ತಿದ್ರು.